ಅಕ್ಷರಗಳಿಂದ ಕಟ್ಟಿದ ರಾಜ್ಯಗಳು

2015ರ ಕೊನೆಯ ಹೊತ್ತಿಗೆ ಒಂದು ಕಂಪ್ಯೂಟರ್ ಆಟದೊಳಗಿನ ಬೆಕ್ಕುಗಳು ಒಂದೊಂದಾಗಿ ಸಾಯತೊಡಗಿದವು. ರೋಗ ಬಂದಿರಲಿಲ್ಲ, ಯಾರೂ ಅವನ್ನು ಹೊಡೆದಿರಲಿಲ್ಲ. ಹೆಂಡದಂಗಡಿಯ ನೆಲದ ತುಂಬ ವಾಂತಿ, ಪಕ್ಕದಲ್ಲಿ ಸತ್ತ ಬೆಕ್ಕು. ಆಟದ ಹೆಸರು ಡ್ವಾರ್ಫ್ ಫೋರ್ಟ್ರೆಸ್, ಅಂದರೆ ಕುಬ್ಜರ ಕೋಟೆ. ಅದನ್ನು ಬರೆದ ಟಾರ್ನ್ ಆಡಮ್ಸ್ ತನ್ನದೇ ಪ್ರೋಗ್ರಾಂನೊಳಗೆ ಇಳಿದು ಸಾವಿನ ಕಾರಣ ಹುಡುಕಬೇಕಾಯಿತು.

ಕಾರಣ ಸಿಕ್ಕಿತು. ಆ ಬಾರಿಯ ಆವೃತ್ತಿಯಲ್ಲಿ ಹೆಂಡದಂಗಡಿಗಳು ಹೊಸದಾಗಿ ಬಂದಿದ್ದವು. ಕೋಟೆಯ ಕುಬ್ಜರು ಕುಡಿದು ಹೆಂಡ ಚೆಲ್ಲುತ್ತಿದ್ದರು. ಚೆಲ್ಲಿದ್ದರ ಮೇಲೆ ಬೆಕ್ಕು ನಡೆದರೆ ಅದು ಪಾದಕ್ಕೆ ಅಂಟುತ್ತಿತ್ತು. ಬೆಕ್ಕು ತನ್ನ ಮೈಯನ್ನು ನೆಕ್ಕಿ ಶುಚಿ ಮಾಡಿಕೊಳ್ಳುತ್ತದೆ ಎಂಬ ನಿಯಮವೂ ಆಟದಲ್ಲಿತ್ತು. ನೆಕ್ಕಿದ್ದು ಹೊಟ್ಟೆಗೆ ಹೋಗುತ್ತದೆ, ಹೊಟ್ಟೆಗೆ ಹೋದ ಹೆಂಡ ಮೈಯ ಗಾತ್ರಕ್ಕೆ ತಕ್ಕಂತೆ ಮತ್ತೇರಿಸುತ್ತದೆ. ಇಷ್ಟರವರೆಗೆ ಎಲ್ಲವೂ ಸರಿಯೇ. ತಪ್ಪಿದ್ದದ್ದು ಒಂದೇ ಕಡೆ: ಪಾದಕ್ಕೆ ಅಂಟಿದ ಹನಿಯನ್ನು ಪ್ರೋಗ್ರಾಂ ತುಂಬಿದ ಲೋಟವೆಂದು ಎಣಿಸುತ್ತಿತ್ತು. ಬೆಕ್ಕು ಕುಡಿದು ಸಾಯಲಿ ಎಂದು ಎಲ್ಲಿಯೂ ಯಾರೂ ಬರೆದಿರಲಿಲ್ಲ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಉದ್ದೇಶಕ್ಕೆ ಬರೆದ ನಿಯಮಗಳು ಒಂದರೊಡನೊಂದು ಕೈಜೋಡಿಸಿ ನಡೆದು ಆ ಸಾವಿಗೆ ಬಂದು ಮುಟ್ಟಿದ್ದವು.

ಪರದೆಯ ಮೇಲೆ ಆ ಬೆಕ್ಕು ಹೇಗೆ ಕಾಣುತ್ತಿತ್ತು ಎಂದರೆ, ಇಂಗ್ಲಿಷಿನ ಸಣ್ಣ ‘ಸಿ’ ಅಕ್ಷರದಂತೆ. ಅಷ್ಟೇ. ನಾಯಿಗೆ ‘ಡಿ’, ಆನೆಗೆ ದೊಡ್ಡ ‘ಇ’, ಕುಬ್ಜನಿಗೆ ನಗುಮುಖದ ಒಂದು ಗುರುತು, ಮರಕ್ಕೆ ಇಸ್ಪೀಟೆಲೆಯ ಮೇಲಿನ ಚಿಹ್ನೆ. ಕಲ್ಲು, ನೀರು, ಹಾಸಿಗೆ, ಬಾಗಿಲು ಎಲ್ಲವೂ ಅಕ್ಷರಗಳೇ, ಚಿಹ್ನೆಗಳೇ. ಕೋಟಿಗಟ್ಟಲೆ ಹಣ ಸುರಿದು ಮುಖದ ಬೆವರಿನ ಹನಿಯನ್ನೂ ಚಿತ್ರಿಸುವ ಆಟಗಳ ಕಾಲದಲ್ಲಿ, ಅಕ್ಷರಗಳನ್ನಷ್ಟೇ ಇಟ್ಟುಕೊಂಡು ರಾಜ್ಯ ಕಟ್ಟುವ, ರಾಜ್ಯ ಆಳುವ ಆಟಗಳ ಒಂದು ಪರಂಪರೆಯೇ ಇದೆ. ಅದಕ್ಕೆ ಅರವತ್ತು ವರ್ಷ ದಾಟಿದೆ. ಅದು ಶುರುವಾದದ್ದು ಆಟದ ಕಂಪನಿಯೊಂದರಲ್ಲಿ ಅಲ್ಲ, ಶಾಲೆಯ ಪಾಠದಲ್ಲಿ.

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕಟೋನಾ ಎಂಬ ಊರಿನಲ್ಲಿ ಮೇಬಲ್ ಆಡಿಸ್ ಎಂಬ ಶಿಕ್ಷಕಿ ಇದ್ದರು. ಪ್ರಾಥಮಿಕ ಶಾಲೆಯ ನಾಲ್ಕನೆಯ ತರಗತಿಗೆ ಪಾಠ ಹೇಳುತ್ತಿದ್ದವರು. 1960ರ ದಶಕದ ಆರಂಭದಲ್ಲಿ ಅಲ್ಲಿನ ವೆಸ್ಟ್‌ಚೆಸ್ಟರ್ ಸೀಮೆಯ ಶಿಕ್ಷಣ ಮಂಡಳಿಯೂ ಐಬಿಎಂ ಕಂಪನಿಯೂ ಸೇರಿ, ಕಂಪ್ಯೂಟರಿನಿಂದ ಮಕ್ಕಳಿಗೆ ಅರ್ಥಶಾಸ್ತ್ರದ ಮೊದಲ ಪಾಠಗಳನ್ನು ಕಲಿಸಬಹುದೇ ಎಂದು ನೋಡಲು ಹೊರಟಿದ್ದವು. ಪುರಾತನ ಸುಮೇರಿನ ನಗರವೊಂದರ ಆಡಳಿತವನ್ನು ವಿಷಯವಾಗಿ ಇಟ್ಟುಕೊಳ್ಳಬಹುದು ಎಂಬ ಸಲಹೆ ಐಬಿಎಂನ ಬ್ರೂಸ್ ಮಾನ್‌ಕ್ರೀಫ್ ಅವರಿಂದ ಬಂತು. ಕಥೆಯನ್ನೂ ಆಟದ ನಡೆಯನ್ನೂ ಬರೆದವರು ಮೇಬಲ್ ಆಡಿಸ್. ಪ್ರೋಗ್ರಾಂ ಬರೆದವರು ವಿಲಿಯಂ ಮೆಕ್‌ಕೇ. 1964ರಲ್ಲಿ ‘ದ ಸುಮೇರಿಯನ್ ಗೇಮ್’ ಸಿದ್ಧವಾಯಿತು.

ಆರನೆಯ ತರಗತಿಯ ಮಗು ಒಂದು ಟೈಪ್‌ರೈಟರಿನಂಥ ಯಂತ್ರದ ಮುಂದೆ ಕೂರುತ್ತಿತ್ತು. ಯಂತ್ರ ದೂರದ ದೊಡ್ಡ ಕಂಪ್ಯೂಟರಿಗೆ ತಂತಿಯಿಂದ ಸೇರಿಕೊಂಡಿತ್ತು. ಪರದೆ ಎಂಬುದೇ ಇರಲಿಲ್ಲ. ಕಂಪ್ಯೂಟರ್ ಹೇಳಬೇಕಾದದ್ದೆಲ್ಲ ಕಾಗದದ ಮೇಲೆ ಟಕಟಕ ಅಚ್ಚಾಗುತ್ತಿತ್ತು. ಮಗು ಈಗ ಲಗಾಶ್ ನಗರದ ಅರಸ, ಒಂದನೆಯ ಲುಡುಗ. ಪಾರುಪತ್ಯೆಗಾರ ಬಂದು ವರದಿ ಒಪ್ಪಿಸುತ್ತಾನೆ: ಜನ ಇಷ್ಟು, ಹೊಲ ಇಷ್ಟು, ಕೊಯ್ಲಾದ ದವಸ ಇಷ್ಟು, ಉಗ್ರಾಣದಲ್ಲಿ ಉಳಿದದ್ದು ಇಷ್ಟು. ಇದರಲ್ಲಿ ಜನರಿಗೆ ಉಣ್ಣಲು ಎಷ್ಟು, ಬಿತ್ತನೆಗೆ ಎಷ್ಟು, ಕೂಡಿಡಲು ಎಷ್ಟು? ಅರಸ ಅಂಕಿ ಒತ್ತಿದರೆ ಮುಂದಿನ ಸುಗ್ಗಿಯ ವರದಿ ಬರುತ್ತದೆ. ಬೇಸಾಯ ಕೈಗೆ ಬಂದಮೇಲೆ ಎರಡನೆಯ ಲುಡುಗನ ಕಾಲ. ಆಗ ಕಸುಬುಗಳು ಸೇರಿಕೊಳ್ಳುತ್ತವೆ. ಮೂರನೆಯ ಲುಡುಗನಿಗೆ ವ್ಯಾಪಾರ, ಹೊರಗಿನ ಜಗತ್ತು.

ಒಬ್ಬ ಶಿಕ್ಷಕಿ ಇಲ್ಲಿ ಮಾಡಿದ ಕೆಲಸದ ದೊಡ್ಡತನವನ್ನು ಗುರುತಿಸಬೇಕು. ಲೆಕ್ಕದ ಕೋಷ್ಟಕವೊಂದನ್ನು ಮಗುವಿನ ಮುಂದೆ ಇಟ್ಟಿದ್ದರೆ ಅದು ಲೆಕ್ಕವಾಗಿಯೇ ಉಳಿಯುತ್ತಿತ್ತು. ಅದೇ ಅಂಕಿಗಳನ್ನು ಒಬ್ಬ ಮನುಷ್ಯನ ಬಾಯಲ್ಲಿ, ಅರಸನಿಗೆ ತಗ್ಗಿ ಬಗ್ಗಿ ಮಾತಾಡುವ ಪಾರುಪತ್ಯೆಗಾರನ ಬಾಯಲ್ಲಿ ಇಟ್ಟಕೂಡಲೇ ಅಂಕಿಯ ಹಿಂದೆ ಹಸಿದ ಜನ ಕಾಣತೊಡಗುತ್ತಾರೆ. ಕಂಪ್ಯೂಟರ್ ಆಟಕ್ಕೆ ಕಥನವನ್ನು ತಂದ ಮೊದಲಿಗರಲ್ಲಿ ಮೇಬಲ್ ಆಡಿಸ್ ಮೊದಲ ಹೆಸರು. ಅವರು 2004ರಲ್ಲಿ ತೀರಿಕೊಂಡರು. ಆಟ ತಯಾರಕರ ಜಾಗತಿಕ ಸಮ್ಮೇಳನ ಅವರಿಗೆ ಪ್ರವರ್ತಕರ ಗೌರವ ಸಲ್ಲಿಸಿದ್ದು 2023ರಲ್ಲಿ. ಅವರ ಆಟದ ಮೂಲ ಪ್ರೋಗ್ರಾಂ ಕಳೆದುಹೋಗಿದೆ. ಉಳಿದಿರುವುದು ಅಚ್ಚಾದ ಕೆಲವು ಕಾಗದಗಳು, ಯೋಜನೆಯ ವರದಿಗಳು.

ಆಟ ಮಾತ್ರ ಬೇರೊಂದು ರೂಪದಲ್ಲಿ ಬದುಕಿತು. ಅದರ ವಿಷಯ ಕೇಳಿ ತಿಳಿದಿದ್ದ ಡಗ್ ಡೈಮೆಂಟ್ ಎಂಬ ಪ್ರೋಗ್ರಾಮರ್ 1968ರಲ್ಲಿ ಪಿಡಿಪಿ-8 ಎಂಬ ಸಣ್ಣ ಕಂಪ್ಯೂಟರಿಗೆ ಅದರ ಚಿಕ್ಕ ರೂಪವೊಂದನ್ನು ಬರೆದ. ಡೇವಿಡ್ ಆಲ್ ಅದನ್ನು ಬೇಸಿಕ್ ಭಾಷೆಗೆ ತಂದು 1973ರ ತಮ್ಮ ‘101 ಬೇಸಿಕ್ ಕಂಪ್ಯೂಟರ್ ಗೇಮ್ಸ್’ ಪುಸ್ತಕದಲ್ಲಿ ಅಚ್ಚು ಹಾಕಿಸಿದರು. ಆ ಪುಸ್ತಕದ ಮುಂದಿನ ಆವೃತ್ತಿ ಹತ್ತು ಲಕ್ಷ ಪ್ರತಿ ದಾಟಿ ಮಾರಾಟವಾಯಿತು. ಮನೆಗೆ ಕಂಪ್ಯೂಟರ್ ಬಂದ ಮೊದಲ ತಲೆಮಾರಿನವರು ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಸಾಲು ಸಾಲಾಗಿ ಟೈಪ್ ಮಾಡಿ ಆಡಿದ ಆಟಗಳಲ್ಲಿ ಇದೂ ಒಂದು: ‘ಹಮುರಾಬಿ’.

ಹಮುರಾಬಿಯ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು, ಏಕೆಂದರೆ ಮುಂದೆ ಬಂದ ದೊಡ್ಡ ಆಟಗಳ ಗುಟ್ಟೆಲ್ಲ ಅದರೊಳಗಿದೆ. ಆಳ್ವಿಕೆಯ ಅವಧಿ 10 ವರ್ಷ. ಶುರುವಿನಲ್ಲಿ ಜನ 100, ಭೂಮಿ 1000 ಎಕರೆ, ಉಗ್ರಾಣದಲ್ಲಿ 2800 ಬುಷೆಲ್ ದವಸ. ಒಬ್ಬರಿಗೆ ವರ್ಷಕ್ಕೆ 20 ಬುಷೆಲ್ ಅನ್ನ ಬೇಕು. ಎಕರೆಗೆ ಅರ್ಧ ಬುಷೆಲ್ ಬಿತ್ತನೆ ಬೇಕು. ಒಬ್ಬರು ಹತ್ತು ಎಕರೆಗಿಂತ ಹೆಚ್ಚು ಉಳಲಾರರು. ಹಾಗಾದರೆ ಊಟಕ್ಕೆ 2000, ಬಿತ್ತನೆಗೆ 500, ಉಳಿಯುವುದು 300. ಎಷ್ಟು ಅಚ್ಚುಕಟ್ಟಾಗಿದೆ! ಯಾರ ಹೊಟ್ಟೆಯೂ ಖಾಲಿಯಿಲ್ಲ, ಒಂದು ಎಕರೆಯೂ ಬೀಳು ಬಿದ್ದಿಲ್ಲ.

ಇಲ್ಲಿಂದ ಮುಂದೆ ದಾಳ ಉರುಳುತ್ತದೆ. ಎಕರೆಗೆ ಬೆಳೆ 1 ಬುಷೆಲ್ ಆಗಬಹುದು, 5 ಆಗಬಹುದು, ನಡುವೆ ಎಷ್ಟಾದರೂ ಆಗಬಹುದು. ಮೂರು ಬಂದರೆ 3000 ಕೊಯ್ಲು, ನೆಮ್ಮದಿ. ಒಂದೇ ಬಂದರೆ? ಕೊಯ್ಲು 1000, ಕೈಯಲ್ಲಿದ್ದ 300 ಸೇರಿ 1300. ಈಗ ಎಲ್ಲವನ್ನೂ ಜನರಿಗೆ ಹಂಚಿದರೂ 65 ಜನಕ್ಕೆ ಸಾಲುತ್ತದೆ, ಬಿತ್ತನೆಗೆ ಕಾಳೂ ಇಲ್ಲ. ಬಿತ್ತನೆಗೆಂದು 300 ತೆಗೆದಿಟ್ಟರೆ 50 ಜನ ಸಾಯುತ್ತಾರೆ. ಒಂದೇ ವರ್ಷ ನೂರಕ್ಕೆ 45ಕ್ಕಿಂತ ಹೆಚ್ಚು ಜನ ಹಸಿವಿನಿಂದ ಸತ್ತರೆ ಪ್ರಜೆಗಳು ಅರಸನನ್ನು ಕಿತ್ತೊಗೆಯುತ್ತಾರೆ. ಉಳಿದ ದಾರಿ ಭೂಮಿ ಮಾರುವುದು. ಎಕರೆಯ ಬೆಲೆ ವರ್ಷದಿಂದ ವರ್ಷಕ್ಕೆ 17ರಿಂದ 26 ಬುಷೆಲ್‌ವರೆಗೆ ಏರಿಳಿಯುತ್ತದೆ. ಆ ವರ್ಷ 20 ಇದ್ದರೆ 60 ಎಕರೆ ಮಾರಿ 1200 ಬುಷೆಲ್ ತರಬಹುದು. ಜನ ಉಳಿದರು, ಬಿತ್ತನೆಯೂ ಆಯಿತು. ಆದರೆ ಹತ್ತನೆಯ ವರ್ಷದ ಕೊನೆಗೆ ಅರಸನ ಆಳ್ವಿಕೆಯನ್ನು ತೂಗುವುದು ತಲೆಗೆ ಎಷ್ಟು ಎಕರೆ ಉಳಿಸಿದ ಎಂಬುದರ ಮೇಲೂ. ಇದರ ನಡುವೆ ಇಲಿಗಳು ಉಗ್ರಾಣಕ್ಕೆ ನುಗ್ಗುತ್ತವೆ, ಮಾರಿಬೇನೆ ಬಂದು ಊರಿನ ಅರ್ಧ ಜನರನ್ನು ಒಯ್ಯುತ್ತದೆ. ಭೂಮಿ, ದವಸ ಹೇರಳವಾಗಿದ್ದರೆ ಹೊರಗಿನಿಂದ ಜನ ವಲಸೆ ಬರುತ್ತಾರೆ. ಬಂದವರಿಗೂ ವರ್ಷಕ್ಕೆ ಇಪ್ಪತ್ತು ಬುಷೆಲ್ ಬೇಕು.

ಈ ಆಟದಲ್ಲಿ ಚಿತ್ರ ಒಂದೂ ಇಲ್ಲ. ಆದರೂ ಆಡಿದವರಿಗೆ ಬರಗಾಲದ ವರ್ಷ ನೆನಪಿರುತ್ತದೆ, ಅಗ್ಗಕ್ಕೆ ಮಾರಿದ ಹೊಲ ನೆನಪಿರುತ್ತದೆ. ದಾಳವೊಂದೇ ಇದ್ದಿದ್ದರೆ ಅದು ಜೂಜಾಗುತ್ತಿತ್ತು. ಉರುಳಿದ ದಾಳದ ಫಲ ಮುಂದಿನ ವರ್ಷಕ್ಕೂ ಸಾಗಿಬರುವುದರಿಂದ, ಒಂದು ಕೆಟ್ಟ ಸುಗ್ಗಿಯ ಸಾಲವನ್ನು ಮೂರು ಸುಗ್ಗಿಗಳು ತೀರಿಸಬೇಕಾಗುವುದರಿಂದ ಅದು ಆಳ್ವಿಕೆಯಾಗುತ್ತದೆ.

ಹಮುರಾಬಿಯಲ್ಲಿ ನಗರ ಮೊದಲೇ ಇತ್ತು. ನಗರವನ್ನೇ, ಅದು ನಿಂತ ನೆಲವನ್ನೇ ನಿಯಮಗಳಿಂದ ಹುಟ್ಟಿಸುವ ವಿಧಾನ ಆಮೇಲೆ ಬಂತು. ಪ್ರೊಸೀಜರಲ್ ಜನರೇಶನ್ ಎಂದು ಅದರ ಹೆಸರು. 1980ರಲ್ಲಿ ಮೈಕೆಲ್ ಟಾಯ್, ಗ್ಲೆನ್ ವಿಕ್‌ಮನ್ ಎಂಬ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳು ‘ರೋಗ್’ ಬರೆದರು. ಕೆನ್ ಆರ್ನಾಲ್ಡ್ ಆಮೇಲೆ ಜೊತೆಗೂಡಿದರು. ಪ್ರತಿ ಸಲ ಆಡುವಾಗಲೂ ನೆಲಮಾಳಿಗೆಯ ಕೋಣೆಗಳು, ಓಣಿಗಳು ಹೊಸದಾಗಿ ಹುಟ್ಟುತ್ತಿದ್ದವು. ಇಂಗ್ಲಿಷಿನ 26 ದೊಡ್ಡಕ್ಷರಗಳು 26 ಬಗೆಯ ರಾಕ್ಷಸರು. ನಾಲ್ಕು ವರ್ಷದ ಬಳಿಕ, 1984ರಲ್ಲಿ, ಕೇಂಬ್ರಿಜ್‌ನ ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ ‘ಎಲೀಟ್’ ಆಟದಲ್ಲಿ ಎಂಟು ನಕ್ಷತ್ರಲೋಕಗಳನ್ನು, ಒಂದೊಂದರಲ್ಲಿ 256 ಗ್ರಹಗಳನ್ನು ಇಟ್ಟರು. ಅವರ ಕೈಯಲ್ಲಿದ್ದದ್ದು 32 ಕಿಲೋಬೈಟ್ ನೆನಪಿನ ಬಿಬಿಸಿ ಮೈಕ್ರೋ. ಎರಡು ಸಾವಿರ ಗ್ರಹಗಳ ವಿವರವನ್ನು ಅದರಲ್ಲಿ ತುಂಬಿಡುವುದು ಆಗದ ಮಾತು. ಹಾಗಾಗಿ ಗ್ರಹಗಳನ್ನು ತುಂಬಿಡಲೇ ಇಲ್ಲ. ಒಂದು ಬೀಜಸಂಖ್ಯೆ, ಅದನ್ನು ತಿರುಗಿಸಿ ತಿರುಗಿಸಿ ಮುಂದಿನ ಸಂಖ್ಯೆ ತರುವ ಒಂದು ಸೂತ್ರ. ಬೇಕಾದಾಗ ಗ್ರಹದ ಹೆಸರು, ಸರ್ಕಾರ, ವ್ಯಾಪಾರದ ಬೆಲೆ, ಎರಡು ಸಾಲಿನ ವರ್ಣನೆ ಕೂಡ ಅದರಿಂದಲೇ ಹೊರಡುತ್ತಿತ್ತು. ಬೀಜ ಅದೇ ಆದ್ದರಿಂದ ಎಷ್ಟು ಸಲ ಹೋದರೂ ಗ್ರಹ ಅದೇ. ಬ್ರೇಬೆನ್, ಬೆಲ್ ಇನ್ನೂ ಕೋಟ್ಯಂತರ ನಕ್ಷತ್ರಲೋಕಗಳನ್ನು ಹುಟ್ಟಿಸಬಲ್ಲವರಾಗಿದ್ದರು. ಎಂಟಕ್ಕೆ ನಿಲ್ಲಿಸಿ ಎಂದವರು ಪ್ರಕಾಶಕರು. ಆ ಮಾತಿನಲ್ಲಿ ವಿವೇಕವಿತ್ತು. ಎಲೀಟ್ ಲೋಕಗಳಲ್ಲಿ ಹಳೆಯದು ಎಂಬುದಿಲ್ಲ. ಯಾವ ಗ್ರಹಕ್ಕೂ ನಿನ್ನೆಯ ನೆನಪಿಲ್ಲ. ಸಂಖ್ಯೆ ಹೆಚ್ಚಿಸಿದರೆ ಆ ನೆನಪು ಬರುವುದಿಲ್ಲ.

ನೆನಪನ್ನು ತಂದವರು ಆಡಮ್ಸ್ ಸೋದರರು.

ಟಾರ್ನ್ ಆಡಮ್ಸ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 2005ರಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದ. ಮುಂದಿನ ಸಂಶೋಧನೆಗೆಂದು ಟೆಕ್ಸಾಸ್ ಎ ಅಂಡ್ ಎಂಗೆ ಹೋದವನು 2006ರಲ್ಲಿ ಆ ಕೆಲಸ ಬಿಟ್ಟು, ಅಣ್ಣ ಜ್ಯಾಕ್ ಜೊತೆ ಸೇರಿ 2002ರಿಂದ ಕಟ್ಟುತ್ತ ಬಂದಿದ್ದ ಆಟಕ್ಕೆ ಪೂರ್ತಿಯಾಗಿ ಇಳಿದ. ಅದೇ ವರ್ಷದ ಆಗಸ್ಟಿನಲ್ಲಿ ಡ್ವಾರ್ಫ್ ಫೋರ್ಟ್ರೆಸ್‌ನ ಮೊದಲ ಸಾರ್ವಜನಿಕ ಆವೃತ್ತಿ ಹೊರಬಂತು, ಉಚಿತವಾಗಿ. ಕೋಡ್ ಬರೆಯುವವನು ಟಾರ್ನ್. ಜ್ಯಾಕ್ ಕಥೆಗಳನ್ನು ಬರೆಯುತ್ತಿದ್ದ. ಆ ಕಥೆಯನ್ನು ಮುಂದಿಟ್ಟುಕೊಂಡು ಇಬ್ಬರೂ ಪ್ರಶ್ನೆ ಹಾಕಿಕೊಳ್ಳುತ್ತಿದ್ದರು: ಇಂಥದ್ದೊಂದು ಘಟನೆ ತಾನಾಗಿಯೇ ನಡೆಯಬೇಕಾದರೆ ಆಟಕ್ಕೆ ಯಾವ ಯಾವ ನಿಯಮ ಬೇಕು? ಕಥೆಯನ್ನು ಬಿಡಿಸಿ ಕಾರಣಗಳನ್ನಾಗಿ ಮಾಡುವ ಈ ಕೆಲಸ ಅಪರೂಪದ್ದು. ಕಥೆ ಬರೆಯುವವರೂ ಒಮ್ಮೆ ಮಾಡಿ ನೋಡಬಹುದಾದದ್ದು.

ಆಟ ಶುರುವಾಗುವ ಮುನ್ನ ಲೋಕ ಹುಟ್ಟಬೇಕು. ಮೊದಲು ನೆಲದ ಏರುತಗ್ಗು. ಆಮೇಲೆ ಮಳೆ, ಬಿಸಿಲು, ನೀರು ಬಸಿಯುವ ಗುಣ. ಇವುಗಳ ಕೂಡಿಕೆಯಿಂದಲೇ ಇಲ್ಲಿ ಕಾಡು, ಇಲ್ಲಿ ಜೌಗು, ಇಲ್ಲಿ ಮರುಭೂಮಿ ಎಂದು ತೀರ್ಮಾನವಾಗುತ್ತದೆ. ಎತ್ತರದಿಂದ ನದಿಗಳು ಹೊರಟು ಬೆಟ್ಟವನ್ನು ಕೊರೆದುಕೊಂಡು ಕಡಲಿಗೆ ಸೇರುತ್ತವೆ. ಬೆಟ್ಟಸಾಲು ಮೋಡವನ್ನು ತಡೆದರೆ ಅದರ ಆಚೆ ಬದಿ ಒಣಗುತ್ತದೆ. ಸಹ್ಯಾದ್ರಿಯ ಪೂರ್ವಕ್ಕೆ ಬಯಲುಸೀಮೆ ಒಣಗಿರುವುದೂ ಇದೇ ಕಾರಣಕ್ಕೆ. ಪ್ರೋಗ್ರಾಂ ಯಾವ ನಾಡಿನ ನಕ್ಷೆಯನ್ನೂ ನಕಲು ಮಾಡಿಲ್ಲ, ಮಳೆಯ ನಿಯಮವನ್ನಷ್ಟೇ ಪಾಲಿಸಿದೆ.

ನೆಲ ಸಿದ್ಧವಾದ ಮೇಲೆ ಇತಿಹಾಸ. ಮನುಷ್ಯರು, ಕುಬ್ಜರು, ಎಲ್ಫ್‌ಗಳು, ಗಾಬ್ಲಿನ್‌ಗಳು ಅಲ್ಲಲ್ಲಿ ನೆಲೆಯೂರುತ್ತಾರೆ. ವರ್ಷಗಳು ಒಂದೊಂದಾಗಿ ಸಾಗುತ್ತವೆ. ಬೇಕೆಂದರೆ ಸಾವಿರ ವರ್ಷಗಳನ್ನೂ ದಾಟಿಸಬಹುದು. ಒಂದೊಂದು ವರ್ಷದಲ್ಲೂ ಹುಟ್ಟು, ಮದುವೆ, ಯುದ್ಧ, ಪಟ್ಟಾಭಿಷೇಕ, ಊರಿನ ಮೇಲೆ ಎರಗಿದ ಡ್ರ್ಯಾಗನ್. ಯಾರು ಯಾರ ಮಗಳು, ಯಾವ ಕತ್ತಿಯನ್ನು ಯಾರು ಮಾಡಿದರು, ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತು, ಎಲ್ಲ ದಾಖಲೆ. ಆಟಗಾರ ಇನ್ನೂ ಒಂದು ಗುಂಡಿಯನ್ನೂ ಒತ್ತಿಲ್ಲ. ಅಷ್ಟರಲ್ಲೇ ಓದಿ ಮುಗಿಸಲಾಗದಷ್ಟು ಚರಿತ್ರೆ ಅವನ ಮುಂದಿದೆ.

ಆ ಚರಿತ್ರೆಯ ತುದಿಗೆ ಏಳು ಕುಬ್ಜರು ಒಂದು ಗಾಡಿಯೊಂದಿಗೆ ಬಂದಿಳಿಯುತ್ತಾರೆ. ಬೆಟ್ಟ ಅಗೆಯಬೇಕು, ಹಾಸಿಗೆ ಮಾಡಬೇಕು, ಅಣಬೆ ಬೆಳೆಯಬೇಕು, ಹೆಂಡ ಕಾಯಿಸಬೇಕು. ಚಳಿಗಾಲಕ್ಕೆ ಮೊದಲು ದಾಸ್ತಾನು ಸಾಲದಿದ್ದರೆ ಕಥೆ ಅಲ್ಲಿಗೇ ಮುಗಿಯಿತು. ಕೋಟೆಯ ಹೆಸರು ಹಬ್ಬಿದಂತೆ ವಲಸಿಗರು ಬರುತ್ತಾರೆ, ವ್ಯಾಪಾರಿಗಳು ಬರುತ್ತಾರೆ, ದಂಡೂ ಬರುತ್ತದೆ. ಆಟಗಾರ ಯಾವ ಕುಬ್ಜನನ್ನೂ ನೇರವಾಗಿ ನಡೆಸುವಂತಿಲ್ಲ. ಆಗಬೇಕಾದ ಕೆಲಸ ಹೇಳಬಹುದು, ಮಾಡುವುದು ಬಿಡುವುದು ಅವರ ಕೈಲಿದೆ. ಏಕೆಂದರೆ ಒಬ್ಬೊಬ್ಬನಿಗೂ ಇಷ್ಟಾನಿಷ್ಟಗಳಿವೆ, ಗೆಳೆಯರಿದ್ದಾರೆ, ದುಃಖವಿದೆ. ಗೋಡೆಯಲ್ಲಿ ಚಿತ್ರ ಕೆತ್ತು ಎಂದರೆ ಕಲ್ಲುಕುಟಿಗ ಇನ್ನೂರು ವರ್ಷದ ಹಿಂದೆ ಅದೇ ಲೋಕದಲ್ಲಿ ನಡೆದ ಯುದ್ಧವೊಂದನ್ನು ಕೆತ್ತಿಡಬಹುದು. ಊಟದ ಮನೆಗೆ ಹೋಗುವ ಕುಬ್ಜರು ದಾರಿಯಲ್ಲಿ ನಿಂತು ಅದನ್ನು ನೋಡುತ್ತಾರೆ.

ಕೋಟೆಗಳು ಬಿದ್ದುಹೋಗುವ ಬಗೆ ಇನ್ನೂ ಮನಮುಟ್ಟುವಂಥದ್ದು. ಒಬ್ಬ ಸೈನಿಕ ಸತ್ತ ಎಂದಿಟ್ಟುಕೊಳ್ಳಿ. ಅವನ ಗೆಳೆಯ ದುಃಖ ತಡೆಯಲಾರದೆ ರೇಗಿ ಪೀಠೋಪಕರಣ ಒಡೆಯುತ್ತಾನೆ, ಅಡ್ಡ ಬಂದವನಿಗೆ ಹೊಡೆಯುತ್ತಾನೆ. ಆ ಪೆಟ್ಟಿಗೆ ಇನ್ನೊಬ್ಬ ಸಾಯುತ್ತಾನೆ. ಈಗ ಅವನ ಹೆಂಡತಿ, ಅವನ ಮಕ್ಕಳು, ಅವನ ಗೆಳೆಯರು. ಹೊರಗಿನ ಒಬ್ಬ ಶತ್ರುವೂ ಬಾಗಿಲಿಗೆ ಬಾರದೆ, ನೂರು ಜನರ ಕೋಟೆ ಒಳಗಿನ ಶೋಕದಿಂದಲೇ ಕುಸಿಯುತ್ತದೆ. ಸೋಲುವುದೇ ಸೊಗಸು ಎಂಬುದು ಈ ಆಟದವರ ಮಂತ್ರ. ಆಟಕ್ಕೆ ಗೆಲುವು ಎಂಬುದೇ ಇಲ್ಲವಾದ್ದರಿಂದ, ಹೇಗೆ ಸೋತೆವು ಎಂದು ಹೇಳಿಕೊಳ್ಳುವುದೇ ಆಟಗಾರರ ಸಂಪತ್ತು. 2006-07ರಲ್ಲಿ ಆಟಗಾರರ ಗುಂಪೊಂದು ಒಂದೇ ಕೋಟೆಯನ್ನು ಸರದಿಯ ಮೇಲೆ ಆಳಿತು. ಒಬ್ಬರಿಗೆ ಒಂದು ವರ್ಷ, ವರ್ಷ ಮುಗಿದ ಮೇಲೆ ಉಳಿಸಿಟ್ಟ ಆಟವನ್ನು ಮುಂದಿನವರಿಗೆ ದಾಟಿಸಬೇಕು. ಕೋಟೆಗೆ ಕಂಪ್ಯೂಟರ್ ಇಟ್ಟ ಹೆಸರು ‘ಬೋಟ್‌ಮರ್ಡರ್ಡ್’. ಆನೆಗಳು ಆ ಕಾಲದ ಆವೃತ್ತಿಯಲ್ಲಿ ಮಹಾ ಭಯಂಕರ. ಅವುಗಳ ದಾಳಿಗೆ ಕೋಟೆ ತತ್ತರಿಸಿತು. ತಡೆಯಲೆಂದು ಆಟಗಾರರು ಬೆಟ್ಟದೊಳಗಿನ ಕರಗಿದ ಬಂಡೆಯನ್ನು ಹೊರಗೆ ಹರಿಸುವ ಕಾಲುವೆ ಕಟ್ಟಿದರು. ಆನೆಗಳು ಸುಟ್ಟುಹೋದವು, ಹೊರಗಿದ್ದ ಎಲ್ಲವೂ ಸುಟ್ಟುಹೋಯಿತು. ಸರದಿಯವರು ಬರೆದಿಟ್ಟ ಆ ವೃತ್ತಾಂತವನ್ನು ಆಟವನ್ನೇ ಮುಟ್ಟದವರೂ ಇಂದಿಗೂ ಓದುತ್ತಾರೆ.

ಅಕ್ಷರ ಇಲ್ಲಿ ಏಕೆ ಮುಖ್ಯವಾಯಿತು ಎಂಬುದಕ್ಕೆ ಒಂದು ಸರಳ ಲೆಕ್ಕವಿದೆ. ಬೆಕ್ಕು ಬರಿಯ ‘ಸಿ’ ಆದ್ದರಿಂದ ಅದು ಕಾಲು ನೆಕ್ಕಿಕೊಳ್ಳುವುದನ್ನು ಯಾರೂ ಚಿತ್ರಿಸಬೇಕಾಗಿಲ್ಲ. ನಿಯಮವೊಂದನ್ನು ಬರೆದರೆ ಸಾಕು. ಚಿತ್ರವಿರುವ ಆಟದಲ್ಲಿ ಹೊಸ ಘಟನೆ ಎಂದರೆ ಹೊಸ ಚಿತ್ರ, ಹೊಸ ಚಲನೆ, ಹೊಸ ಖರ್ಚು. ಅಕ್ಷರದ ಆಟದಲ್ಲಿ ಅದು ಇನ್ನೊಂದು ವಾಕ್ಯ. 2021ರ ಹೊತ್ತಿಗೆ ಏಳು ಲಕ್ಷ ಸಾಲುಗಳಷ್ಟಾಗಿದ್ದ ಈ ಪ್ರೋಗ್ರಾಂ ಅನ್ನು ಒಬ್ಬನೇ ಬರೆಯಲು ಸಾಧ್ಯವಾದದ್ದು ಇದರಿಂದ.

ಎಲ್ಲವನ್ನೂ ಯಂತ್ರಕ್ಕೆ ಬಿಡಬೇಕೆಂದೇನೂ ಇಲ್ಲ. 1999ರಲ್ಲಿ ಡೇವಿಡ್ ಡನ್‌ಹಮ್ ಅವರ ಎ ಶಾರ್ಪ್ ಸಂಸ್ಥೆ ಹೊರತಂದ ‘ಕಿಂಗ್ ಆಫ್ ಡ್ರ್ಯಾಗನ್ ಪಾಸ್’ ಇದಕ್ಕೆ ಎದುರು ಬದಿಯ ಉದಾಹರಣೆ. ಗ್ರೆಗ್ ಸ್ಟ್ಯಾಫರ್ಡ್ ಕಲ್ಪಿಸಿದ ಗ್ಲೊರಾಂತಾ ಎಂಬ ಪೌರಾಣಿಕ ಲೋಕದಲ್ಲಿ ಒಂದು ಕುಲವನ್ನು ಆಳುವ ಆಟ ಅದು. ನಿಂತ ಚಿತ್ರವೊಂದು, ಕೆಳಗೆ ಬರಹ, ಏಳು ಹಿರಿಯರ ಸಲಹೆ, ಆರಿಸಲು ನಾಲ್ಕೈದು ದಾರಿ. ನೂರಾರು ಪ್ರಸಂಗಗಳನ್ನು ಮನುಷ್ಯರೇ ಕೂತು ಬರೆದಿದ್ದಾರೆ. ಯಾವುದು ಯಾವಾಗ ಬರುತ್ತದೆ, ಹಿಂದೆ ಕೊಟ್ಟ ಮಾತು ಎಷ್ಟು ವರ್ಷಕ್ಕೆ ತಿರುಗಿ ಬಾಗಿಲು ತಟ್ಟುತ್ತದೆ ಎಂಬುದನ್ನಷ್ಟೇ ಆಟ ನಿರ್ಧರಿಸುತ್ತದೆ. ಅಲ್ಲಿ ಸಂಪತ್ತೆಂದರೆ ದನ. ನೆರೆಯ ಕುಲದ ದನ ಹೊಡೆದುಕೊಂಡು ಬರುವುದು ಅಲ್ಲಿನ ರಾಜಕೀಯ. ತುರುಗೊಳ್ ಕಾಳಗದಲ್ಲಿ ಸತ್ತವರ ವೀರಗಲ್ಲುಗಳನ್ನು ಊರ ಬಾಗಿಲಲ್ಲಿ ಕಂಡ ಕನ್ನಡಿಗರಿಗೆ ಈ ಆಟದ ನ್ಯಾಯ, ಸೇಡು, ಮಾನ ಬೇಗ ಅರ್ಥವಾಗುತ್ತವೆ. ವಾಕ್ಯಗಳ ಸೊಗಸಿನಲ್ಲಿ ಡ್ವಾರ್ಫ್ ಫೋರ್ಟ್ರೆಸ್ ಇದರ ಹತ್ತಿರವೂ ಬಾರದು. ಅದರಲ್ಲಿ ಹುಟ್ಟುವ ವಾಕ್ಯಗಳು ಪಂಚನಾಮೆಯಂತೆ ಒಣಗಿರುತ್ತವೆ: ಇಂಥವನು ಇಂಥವನ ಎಡಗೈಗೆ ಹೊಡೆದ, ಮೂಳೆ ಮುರಿಯಿತು. ಆದರೆ ಆ ಒಣವಾಕ್ಯ ಹೇಳುವ ಸಂಗತಿ ಹಿಂದೆಂದೂ ನಡೆದಿರಲಿಲ್ಲ, ಮುಂದೆಂದೂ ಹಾಗೆಯೇ ನಡೆಯುವುದಿಲ್ಲ.

ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 2012ರಲ್ಲಿ ಮೊದಲ ಸಲ 14 ವಿಡಿಯೋ ಆಟಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಾಗ ಪ್ಯಾಕ್‌ಮ್ಯಾನ್, ಟೆಟ್ರಿಸ್ ಜೊತೆಗೆ ಡ್ವಾರ್ಫ್ ಫೋರ್ಟ್ರೆಸ್ ಕೂಡ ಇತ್ತು. ಮೈನ್‌ಕ್ರಾಫ್ಟ್ ಮಾಡಿದ ಮಾರ್ಕಸ್ ಪರ್ಸನ್ ತನ್ನ ಮೇಲಿನ ಪ್ರಭಾವಗಳಲ್ಲಿ ಇದನ್ನೂ ಹೆಸರಿಸಿದ್ದಾನೆ. ಇಷ್ಟಾದರೂ ಸೋದರರು ಬದುಕುತ್ತಿದ್ದದ್ದು ಅಭಿಮಾನಿಗಳ ದೇಣಿಗೆಯಿಂದ. ಹಣ ಕಳಿಸಿದವರಿಗೆ ಮೇಣದ ಬಣ್ಣದಲ್ಲಿ ಕೈಯಾರೆ ಬರೆದ ಚಿತ್ರವೋ ಪುಟ್ಟ ಕಥೆಯೋ ಮರಳಿ ಹೋಗುತ್ತಿತ್ತು. ಜ್ಯಾಕ್‌ಗೆ ಚರ್ಮದ ಕ್ಯಾನ್ಸರ್ ಬಂದು ಚಿಕಿತ್ಸೆ ಆದಮೇಲೆ ಆಸ್ಪತ್ರೆಯ ಖರ್ಚಿನ ಚಿಂತೆ ಎದುರಾಯಿತು. 2019ರಲ್ಲಿ ಅವರು ಚಿತ್ರಗಳಿರುವ ಒಂದು ಆವೃತ್ತಿಯನ್ನು ಬೆಲೆಗೆ ಮಾರುವುದಾಗಿ ಹೇಳಿದರು. ಕಿಟ್‌ಫಾಕ್ಸ್ ಗೇಮ್ಸ್ ಮೂಲಕ ಅದು ಹೊರಬಂದದ್ದು 2022ರ ಡಿಸೆಂಬರ್ 6ರಂದು. ಮೊದಲ ತಿಂಗಳ ಆದಾಯವೇ 70 ಲಕ್ಷ ಡಾಲರ್ ದಾಟಿತು. ಹದಿನಾರು ವರ್ಷ ಆಟವನ್ನು ಸುಮ್ಮನೆ ಕೊಟ್ಟವರಿಗೆ ಜನ ಹೀಗೆ ಋಣ ತೀರಿಸಿದ್ದು ಸಂತೋಷದ ಸಂಗತಿ. ಅಕ್ಷರಗಳ ಹಳೆಯ ಆವೃತ್ತಿ ಈಗಲೂ ಉಚಿತವಾಗಿಯೇ ಸಿಗುತ್ತದೆ.

ಇನ್ನು ಕನ್ನಡದಲ್ಲಿ ಇಂಥದ್ದೊಂದು ರಾಜ್ಯ ಕಟ್ಟುವ ಮಾತು. ನಕ್ಷೆಯನ್ನು ಅಕ್ಷರದಲ್ಲಿ ಬಿಡಿಸುವುದು ಕಷ್ಟ. ಡ್ವಾರ್ಫ್ ಫೋರ್ಟ್ರೆಸ್‌ನ ಹಳೆಯ ಪರದೆ 80 ಅಂಕಣ, 25 ಸಾಲಿನ ಚೌಕಳಿ. ಒಂದು ಚೌಕಕ್ಕೆ ಒಂದು ಗುರುತು. ಕನ್ನಡದ ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ, ಯೂನಿಕೋಡ್‌ನಲ್ಲಿ ಆರು ಸಂಕೇತ. ಒತ್ತಕ್ಷರ ಕೆಳಗಿಳಿಯುತ್ತದೆ, ದೀರ್ಘ ಪಕ್ಕಕ್ಕೆ ಚಾಚುತ್ತದೆ, ಚೌಕ ಒಡೆಯುತ್ತದೆ. ನಕ್ಷೆಗೆ ಬೇರೆ ಚಿಹ್ನೆಗಳನ್ನೇ ಬಳಸಬೇಕು.

ಆದರೆ ಪಾರುಪತ್ಯೆಗಾರನ ವರದಿಗೆ ಕನ್ನಡ ಹೇಳಿ ಮಾಡಿಸಿದ ಭಾಷೆ, ವ್ಯಾಕರಣವನ್ನು ಪ್ರೋಗ್ರಾಂಗೆ ಕಲಿಸುವ ಶ್ರಮ ತೆಗೆದುಕೊಂಡರೆ. ಇಂಗ್ಲಿಷಿನಲ್ಲಿ ಖಾಲಿ ಬಿಟ್ಟ ಜಾಗಕ್ಕೆ ಹೆಸರು ತುಂಬಿದರೆ ವಾಕ್ಯ ಹೆಚ್ಚುಕಡಿಮೆ ಸಿದ್ಧ. ಕನ್ನಡದಲ್ಲಿ ರಾಜನನ್ನು, ರಾಣಿಯನ್ನು, ಮರವನ್ನು ಎಂದು ಹೆಸರಿಗೆ ತಕ್ಕಂತೆ ಪ್ರತ್ಯಯ ಬೇರೆಯಾಗುತ್ತದೆ. ಗುರು, ಊರು ಎರಡೂ ಉಕಾರಾಂತವಾದರೂ ಒಂದು ಗುರುವನ್ನು, ಇನ್ನೊಂದು ಊರನ್ನು. ಕೊಂದನು, ಕೊಂದಳು, ಕೊಂದಿತು, ಕೊಂದರು. ಕ್ರಿಯಾಪದ ಕರ್ತೃವನ್ನು ಕೇಳಿಕೊಂಡೇ ಮುಗಿಯಬೇಕು. ಮೂವರು ರೈತರು, ಆದರೆ ಮೂರು ಎಮ್ಮೆ. ಊರಿಗೆ ಹೊಸ ಹೆಸರು ಕಟ್ಟುವಾಗ ಬೆಟ್ಟವೂ ತಾವರೆಯೂ ಸೇರಿ ಬೆಟ್ಟದಾವರೆ ಆಗುವ ಸಂಧಿ ಗೊತ್ತಿರಬೇಕು. ಇವೆಲ್ಲ ಎಣಿಕೆಗೆ ಸಿಕ್ಕುವ ನಿಯಮಗಳು. 13ನೆಯ ಶತಮಾನದಲ್ಲೇ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಹಳಗನ್ನಡಕ್ಕೆ ಇಂಥ ನಿಯಮಗಳನ್ನು ಸೂತ್ರಗಳಾಗಿ ಕಟ್ಟಿಟ್ಟ. ಹೊಸಗನ್ನಡದ ವಿಭಕ್ತಿ, ಲಿಂಗ, ವಚನಗಳನ್ನು ನೂರಿನ್ನೂರು ಸಾಲಿನ ಕೋಡಿನಲ್ಲಿ ಹಿಡಿದಿಡುವುದು ಕಾಲೇಜು ವಿದ್ಯಾರ್ಥಿಯೊಬ್ಬರ ಅಳವಿನ ಕೆಲಸ.

ಶುರು ಮಾಡುವವರಿಗೆ ಹಮುರಾಬಿಯೇ ಒಳ್ಳೆಯ ಮೊದಲ ಮೆಟ್ಟಿಲು. ಅದರ ಬೇಸಿಕ್ ಪ್ರೋಗ್ರಾಂ ನೂರು ಚಿಲ್ಲರೆ ಸಾಲು ಮಾತ್ರ. ಅದನ್ನು ಪೈಥಾನ್ ಭಾಷೆಗೆ ಇಳಿಸಿ, ಬುಷೆಲ್ ತೆಗೆದು ಖಂಡುಗ ಇಟ್ಟು, ಹೆಸರಿಲ್ಲದ ದವಸದ ಬದಲು ರಾಗಿ ಬಿತ್ತಿ, ಮುಂಗಾರು ಹಿಂಗಾರುಗಳಿಗೆ ಬೇರೆ ಬೇರೆ ದಾಳ ಹಾಕಿ, ಕೆರೆಯೊಂದನ್ನು ಸೇರಿಸಿದರೆ ಲೆಕ್ಕವೇ ಬದಲಾಗುತ್ತದೆ: ಹೂಳೆತ್ತಲು ಜನ ಕಳಿಸಿದರೆ ಈ ವರ್ಷ ಉಳುಮೆಗೆ ಕೈ ಕಡಿಮೆ, ಕಳಿಸದಿದ್ದರೆ ಬರ ಬಂದ ವರ್ಷ ಕೆರೆಯಲ್ಲಿ ನೀರಿಲ್ಲ.